ಊರಿನ ಆಯ್ಕೆ, ಆಟದ ಆಯ್ಕೆ

2030ರ ಕಾಮನ್‌ವೆಲ್ತ್ ಕ್ರೀಡಾಕೂಟದ ಆತಿಥ್ಯ ಅಹಮದಾಬಾದಿಗೆ ಒಲಿಯಿತೆಂಬ ವಾರ್ತೆಯು 2025ರ ನವೆಂಬರ್ 26ರಂದು ಗ್ಲಾಸ್ಗೋದಿಂದ ಹೊರಟು ನಮ್ಮ ರವಿವಾರ ಪೇಟೆಯ ಅಂಗಡಿಕಟ್ಟೆಗಳನ್ನೂ ತಲುಪಿತು. ಕಟ್ಟೆಯ ಮೇಲಿನ ಚರ್ಚೆಯೆಲ್ಲ ಊರಿನ ಸುತ್ತಲೇ ತಿರುಗಿತು. ಅಹಮದಾಬಾದೇ ಏಕೆ, ಬೆಂಗಳೂರು ಏಕಾಗಬಾರದು ಎಂದು ಕೆಲವರು. ದಿಲ್ಲಿಯ ಅನುಭವ ಸಾಲದೇ ಎಂದು ಮತ್ತೆ ಕೆಲವರು. ಅಲ್ಲಿ ಯಾವ ಯಾವ ಆಟಗಳನ್ನು ಆಡಿಸುತ್ತಾರೆ ಎಂದು ಮಾತ್ರ ಯಾರೂ ಕೇಳಲಿಲ್ಲ. ನಮ್ಮಂಥ ಊರುಗಳಿಗೆ ಈ ಎರಡನೆಯ ಪ್ರಶ್ನೆಯೇ ದೊಡ್ಡದೆಂಬುದು ನನ್ನ ದೃಢವಾದ ಅಭಿಪ್ರಾಯ. ಅದೇಕೆಂಬುದನ್ನು ಓದುಗ ಮಿತ್ರರ ಮುಂದೆ ನಿವೇದಿಸುತ್ತೇನೆ.

ಮೊದಲು ಊರಿನ ವಿಚಾರ. ಆತಿಥೇಯ ನಗರದ ಆಯ್ಕೆಯು ಎಂದಿಗೂ ಕೇವಲ ಕ್ರೀಡೆಯ ಲೆಕ್ಕಾಚಾರವಾಗಿರಲಿಲ್ಲ. ಮೊದಲ ಮಹಾಯುದ್ಧದಲ್ಲಿ ಜರ್ಝರಿತವಾದ ಬೆಲ್ಜಿಯಂ ದೇಶಕ್ಕೆ ಗೌರವ ಸಲ್ಲಿಸಲೆಂದು 1920ರ ಒಲಿಂಪಿಕ್ಸನ್ನು ಆಂಟ್‌ವರ್ಪ್ ನಗರಕ್ಕೆ ನೀಡಲಾಯಿತು. ಆ ಕೂಟಕ್ಕೂ ನಮಗೂ ಒಂದು ನಂಟಿದೆ. ದೊರಾಬ್ಜಿ ಟಾಟಾ ಅವರು ಮುಂದೆ ನಿಂತು ಕಳುಹಿಸಿದ ಭಾರತದ ಪುಟ್ಟ ತಂಡದಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಇದ್ದರು. ಆಂಟ್‌ವರ್ಪಿನ ಮ್ಯಾರಥಾನ್ 42.75 ಕಿಲೋಮೀಟರಿನದು, ಒಲಿಂಪಿಕ್ಸಿನ ಇತಿಹಾಸದಲ್ಲಿಯೇ ಅತಿ ದೀರ್ಘವಾದುದು. ಅದನ್ನು ಚೌಗುಲೆಯವರು ಮೂರು ಗಂಟೆಯೊಳಗೆ ಓಡಿ 19ನೆಯವರಾಗಿ ಮುಗಿಸಿದರು. ಅವರನ್ನು ಅಲ್ಲಿಗೆ ಒಯ್ದದ್ದು ಆತಿಥೇಯ ನಗರದ ಹಿರಿಮೆಯಲ್ಲ. ಬರಿಗಾಲಿನ ಹುಡುಗನೂ ಕಲಿಯಬಹುದಾದ ಓಟವೆಂಬ ಆಟವು ಪಟ್ಟಿಯಲ್ಲಿತ್ತು, ಆದ್ದರಿಂದ ಬೆಳಗಾವಿಯವನೊಬ್ಬನಿಗೆ ಅಲ್ಲಿ ಜಾಗವಿತ್ತು.

ಊರನ್ನು ಆರಿಸುವುದು ಈಗ ಮೊದಲಿಗಿಂತ ಕಠಿಣವಾಗಿದೆ. ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಎಂಬ ಗಾದೆಗೆ ಕ್ರೀಡಾಕೂಟ ನಡೆಸಿ ನೋಡು ಎಂಬುದನ್ನೂ ಸೇರಿಸಬಹುದು. 2022ರ ಕಾಮನ್‌ವೆಲ್ತ್ ಕೂಟವನ್ನು ಮೊದಲು ದಕ್ಷಿಣ ಆಫ್ರಿಕದ ಡರ್ಬನ್ನಿಗೆ ಕೊಟ್ಟು, 2017ರಲ್ಲಿ ಹಿಂತೆಗೆದುಕೊಂಡು, ಬರ್ಮಿಂಗ್‌ಹ್ಯಾಮಿಗೆ ವಹಿಸಬೇಕಾಯಿತು. 2026ರ ಕೂಟವನ್ನು ಒಪ್ಪಿಕೊಂಡಿದ್ದ ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯವು 2023ರ ಜುಲೈನಲ್ಲಿ, ವೆಚ್ಚವು ಅಂದಾಜಿನ ಎರಡು ಪಟ್ಟನ್ನೂ ಮೀರುತ್ತದೆಂದು ಹೇಳಿ ಕೈಚೆಲ್ಲಿತು. ನಮ್ಮ ದಿಲ್ಲಿಯ 2010ರ ಕೂಟದ ಬಗೆಗೆ ಮಹಾಲೇಖಪಾಲರ ವರದಿಯು ಕೊಟ್ಟ ಲೆಕ್ಕ 18,500 ಕೋಟಿ ರೂಪಾಯಿಗಳನ್ನು ದಾಟಿತ್ತು.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ಎಲ್ಲವನ್ನೂ ಮಹಾನಗರಕ್ಕೇ ಏಕೆ ಕೊಡಬೇಕು, ಬೆಳಗಾವಿಗೂ ಹುಬ್ಬಳ್ಳಿಗೂ ಒಂದೊಂದು ಆಟವನ್ನು ಹಂಚಬಾರದೇಕೆ ಎಂದು ಕೇಳುವ ಅಭಿಮಾನಿಗಳಿದ್ದಾರೆ. ಮಾತು ಕೇಳಲು ಇಂಪಾಗಿದೆ. ಹಂಚಿದ ಉದಾಹರಣೆಗಳೂ ಇವೆ: 2024ರ ಪ್ಯಾರಿಸ್ ಒಲಿಂಪಿಕ್ಸಿನ ಅಲೆಸವಾರಿಯು ದೂರದ ತಾಹಿತಿ ದ್ವೀಪದಲ್ಲಿ ನಡೆಯಿತು. ಆದರೆ ಅಲೆ ತಾಹಿತಿಯಲ್ಲಿ ಮೊದಲೇ ಇತ್ತು. ಅದನ್ನು ಯಾರೂ ಕಟ್ಟಬೇಕಾಗಿರಲಿಲ್ಲ. ವಿಕ್ಟೋರಿಯ ರಾಜ್ಯವು ಸೋತದ್ದಾದರೂ ಎಲ್ಲಿ? ಜೀಲಾಂಗ್, ಬೆಂಡಿಗೊ, ಬಲ್ಲರಾಟ್ ಮುಂತಾದ ಸಣ್ಣ ಊರುಗಳಲ್ಲಿ ಕೂಟವನ್ನು ಹಂಚಿ ನಡೆಸುತ್ತೇನೆಂದು ಹೊರಟಲ್ಲಿ. ಇದ್ದ ಕ್ರೀಡಾಂಗಣ ಬಿಟ್ಟು ಇಲ್ಲದ ಕಡೆ ಕಟ್ಟಲು ಹೋದರೆ ಹಣ ನೀರಾಗದೆ ಮತ್ತೇನಾದೀತು? ಹನ್ನೊಂದು ದಿನದ ಉತ್ಸವಕ್ಕಾಗಿ ಬೆಳಗಾವಿಯಲ್ಲಿ ಕಟ್ಟಡಗಳನ್ನು ಎಬ್ಬಿಸಿ, ಆಮೇಲೆ ಅವುಗಳಿಗೆ ಬೀಗ ಜಡಿಯುವುದು ನನಗೆ ಬೇಡ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಉತ್ಸವವು ಅಹಮದಾಬಾದಿನಲ್ಲಿಯೇ ನಡೆಯಲಿ.

ಆದರೆ ಆಟದ ಪಟ್ಟಿಯನ್ನು ಬಿಟ್ಟುಕೊಡಲು ನಾನು ಸಿದ್ಧನಿಲ್ಲ. ಊರನ್ನು ಆರಿಸಿದಾಗ ಒಂದು ನಗರಕ್ಕೆ ಲಾಭ. ಆಟವನ್ನು ಆರಿಸಿದಾಗ ಆ ಆಟವನ್ನು ಆಡುವ ಸಾವಿರ ಹಳ್ಳಿಗಳಿಗೆ ಲಾಭ. ಇದನ್ನು ಅರಿತ ದೇಶಗಳು ಆತಿಥ್ಯದ ಅವಕಾಶವನ್ನು ತಮ್ಮ ಮಣ್ಣಿನ ಆಟಗಳಿಗಾಗಿ ಬಳಸಿಕೊಂಡಿವೆ. ಜೂಡೊ ಒಲಿಂಪಿಕ್ಸನ್ನು ಪ್ರವೇಶಿಸಿದ್ದು 1964ರಲ್ಲಿ, ಟೋಕಿಯೊದಲ್ಲಿ. ಟೇಕ್ವಾಂಡೊ ಪ್ರದರ್ಶನ ಕ್ರೀಡೆಯಾಗಿ ಬಂದದ್ದು 1988ರಲ್ಲಿ, ಸೋಲ್ ನಗರದಲ್ಲಿ. ನಮ್ಮ ಕಬಡ್ಡಿಯನ್ನು 1982ರ ದಿಲ್ಲಿ ಏಷ್ಯನ್ ಕ್ರೀಡಾಕೂಟದಲ್ಲಿ ಪ್ರದರ್ಶಿಸಲಾಯಿತು. 1990ರ ಬೀಜಿಂಗ್ ಕೂಟದಲ್ಲಿ ಅದಕ್ಕೆ ಪದಕದ ಸ್ಥಾನ ದೊರೆಯಿತು. ಅಂದಿನಿಂದ ನಮ್ಮ ಹಳ್ಳಿಯ ಹುಡುಗನೂ ತನ್ನ ಆಟದಿಂದ ಸರಕಾರಿ ನೌಕರಿಯ ಕನಸು ಕಾಣುವಂತಾಯಿತು.

ತೀರ ಸಮೀಪದ ದೃಷ್ಟಾಂತವೊಂದಿದೆ. ಉಜ್ಬೆಕಿಸ್ತಾನದ ದೇಸೀ ಕುಸ್ತಿಯಾದ ಕುರಾಶ್, 2018ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ ಮೊದಲ ಬಾರಿಗೆ ಸೇರ್ಪಡೆಯಾಯಿತು. ಮಹಿಳೆಯರ 52 ಕಿಲೋ ವಿಭಾಗದಲ್ಲಿ ಕಂಚಿನ ಪದಕ ಗೆದ್ದವರಲ್ಲಿ ಒಬ್ಬಳು ನಮ್ಮ ಬೆಳಗಾವಿ ತಾಲೂಕಿನ ತುರಮುರಿ ಗ್ರಾಮದ ಮಲಪ್ರಭಾ ಜಾಧವ. ಆಕೆ ಮೂಲತಃ ಜೂಡೊ ಪಟು. ತಾಷ್ಕೆಂಟಿನವರು ತಮ್ಮ ಮಣ್ಣಿನ ಆಟಕ್ಕಾಗಿ ಹಟ ಹಿಡಿದುದರಿಂದ ತುರಮುರಿಗೆ ಪದಕ ಬಂತು. ಜಕಾರ್ತದ ಬದಲು ಕೂಟವು ಬೇರೆಲ್ಲೋ ನಡೆದಿದ್ದರೆ ತುರಮುರಿಗೆ ಏನೂ ವ್ಯತ್ಯಾಸವಾಗುತ್ತಿರಲಿಲ್ಲ. ಪಟ್ಟಿಯಲ್ಲಿ ಕುರಾಶ್ ಇಲ್ಲದಿದ್ದರೆ ಮಾತ್ರ ಆ ಪದಕವೇ ಇರುತ್ತಿರಲಿಲ್ಲ.

ಇದರ ಇನ್ನೊಂದು ಮುಖವನ್ನೂ ನೋಡೋಣ. ವಿಕ್ಟೋರಿಯ ಬಿಟ್ಟುಕೊಟ್ಟ ಕೂಟವನ್ನು ಗ್ಲಾಸ್ಗೋ ನಗರವು ವಹಿಸಿಕೊಂಡಿತು. ಆದರೆ ಖರ್ಚು ತಗ್ಗಿಸಲು ಆಟಗಳನ್ನು ಹತ್ತಕ್ಕೆ ಇಳಿಸಿತು. ಕುಸ್ತಿ, ಹಾಕಿ, ಬ್ಯಾಡ್ಮಿಂಟನ್, ಕ್ರಿಕೆಟ್, ಟೇಬಲ್ ಟೆನಿಸ್ ಎಲ್ಲವೂ ಕೈಬಿಟ್ಟುಹೋದವು. ಶೂಟಿಂಗ್ 2022ರಲ್ಲಿಯೇ ಹೋಗಿತ್ತು. ಬರ್ಮಿಂಗ್‌ಹ್ಯಾಮಿನಲ್ಲಿ ಭಾರತ ಗೆದ್ದ 61 ಪದಕಗಳಲ್ಲಿ 12 ಕುಸ್ತಿಯವು. ಹೋದ ಹನ್ನೆರಡು ಜನರೂ ಪದಕದೊಂದಿಗೇ ಮರಳಿದರು. 1934ರಲ್ಲಿ ಲಂಡನ್ನಿನ ಕೂಟದಲ್ಲಿ ಭಾರತಕ್ಕೆ ದೊರೆತ ಏಕೈಕ ಪದಕವೂ ಕುಸ್ತಿಯದೇ. ರಶೀದ್ ಅನ್ವರ್ ಗೆದ್ದ ಕಂಚು. 1930ರ ಮೊದಲ ಕೂಟದಿಂದಲೂ ಬಲ್ಲ ಆಟವೊಂದನ್ನು ಲೆಕ್ಕಪತ್ರದ ಒಂದು ಗೀಟಿನಲ್ಲಿ ಅಳಿಸಿಬಿಡಬಹುದೆಂದಾದರೆ, ಬೇರೆ ಯಾವ ಆಟಕ್ಕೆ ಭದ್ರತೆಯಿದೆ?

ಈ ಅಳಿಸುವಿಕೆಯ ಪೆಟ್ಟು ಎಲ್ಲಿ ಬೀಳುತ್ತದೆಂಬುದು ಬೆಳಗಾವಿ, ಖಾನಾಪುರದವರಿಗೆ ಗೊತ್ತು. ಇಲ್ಲಿ ಕುಸ್ತಿಯು ಕನ್ನಡಿಗರಿಗೂ ಮರಾಠಿಗರಿಗೂ ಸಮಾನವಾದ ಸೊತ್ತು. ಗಡಿಯ ವಾದವೇನೇ ಇರಲಿ, ಜಾತ್ರೆಯ ಕುಸ್ತಿಯಲ್ಲಿ ಜೋಡಿ ಹಚ್ಚುವಾಗ ಪೈಲವಾನನ ಭಾಷೆಯನ್ನು ಯಾರೂ ವಿಚಾರಿಸುವುದಿಲ್ಲ. ತಾಲೀಮಿನ ಕೆಂಪು ಮಣ್ಣು, ವಸ್ತಾದರ ಗದರಿಕೆ, ನಸುಕಿನ ದಂಡ-ಬೈಠಕು, ಮೇಲೆ ಹಾಲು-ಬಾದಾಮಿಯ ಖರ್ಚು. ಈ ಖರ್ಚನ್ನು ಹೊರುವವನು ಎರಡೆಕರೆಯ ರೈತ. ನನ್ನ ತರಗತಿಗಳಲ್ಲಿ ಕುಳಿತ ಎಷ್ಟೋ ಹುಡುಗರು ಬೆಳಿಗ್ಗೆ ತಾಲೀಮು ಮುಗಿಸಿ, ಕಿವಿಯಲ್ಲಿ ಇನ್ನೂ ಮಣ್ಣು ಇರುವಂತೆಯೇ ಪಾಠಕ್ಕೆ ಬರುತ್ತಿದ್ದರು. "ಸರ್, ಇದರಿಂದ ಮುಂದೆ ಏನಾದರೂ ಆದೀತೇ?" ಎಂದು ಅವರ ತಂದೆಯರು ಕೇಳುತ್ತಿದ್ದರು. ಅಂತರರಾಷ್ಟ್ರೀಯ ಕೂಟದ ಪಟ್ಟಿಯಲ್ಲಿ ಕುಸ್ತಿ ಇದೆಯೇ ಇಲ್ಲವೇ ಎಂಬುದೇ ಆ ಪ್ರಶ್ನೆಗೆ ಉತ್ತರ. ಪದಕ ತರುವ ಆಟಕ್ಕೆ ಸರಕಾರದ ಅನುದಾನ, ವಸತಿನಿಲಯ, ರೈಲ್ವೆ-ಸೈನ್ಯಗಳ ನೌಕರಿ. ಪಟ್ಟಿಯಿಂದ ಹೊರಬಿದ್ದ ಆಟಕ್ಕೆ ಜಾತ್ರೆಯ ಬೆಳ್ಳಿ ಕಡಗ ಮಾತ್ರ.

ಅಹಮದಾಬಾದಿನ ಕೂಟಕ್ಕೆ 15ರಿಂದ 17 ಆಟಗಳೆಂದು ನಿಗದಿಯಾಗಿದೆ. ಅಥ್ಲೆಟಿಕ್ಸ್, ಈಜು, ಭಾರ ಎತ್ತುವಿಕೆ, ಬಾಕ್ಸಿಂಗ್, ಟೇಬಲ್ ಟೆನಿಸ್ ಮುಂತಾದವುಗಳ ಸ್ಥಾನ ಆಯ್ಕೆಯ ದಿನವೇ ಖಚಿತವಾಯಿತು. ಕುಸ್ತಿ, ಹಾಕಿ, ಬ್ಯಾಡ್ಮಿಂಟನ್, ಶೂಟಿಂಗ್‌ಗಳನ್ನು ಆ ದಿನ ಪರಿಗಣನೆಯ ಪಟ್ಟಿಯಲ್ಲಿ ಇರಿಸಲಾಯಿತು. ಹೊಸ ಅಥವಾ ಸಾಂಪ್ರದಾಯಿಕವಾದ ಎರಡು ಆಟಗಳನ್ನು ಆತಿಥೇಯರು ಸೂಚಿಸಬಹುದೆಂಬ ಅವಕಾಶವೂ ಇದೆ. ಆತಿಥೇಯರಿಗೆ ನನ್ನ ವಿನಂತಿಗಳು ಮೂರು.

ಮೊದಲನೆಯದು, ಕುಸ್ತಿಗೂ ಹಾಕಿಗೂ ಪಟ್ಟಿಯಲ್ಲಿ ಸ್ಥಾನ ಕೊಡಲೇಬೇಕು. ಪದಕದ ಆಸೆಯಿಂದ ಆತಿಥೇಯರು ತಮಗೆ ಬೇಕಾದ ಆಟ ತುರುಕುತ್ತಾರೆಂದು ಹೊರಗಿನವರು ಟೀಕಿಸಬಹುದು. ಆದರೆ ಕುಸ್ತಿಯು ನೈಜೀರಿಯ, ಕೆನಡಗಳಿಗೂ ಪದಕ ತಂದ ಆಟ. ಇದು ಬರಿಯ ಸ್ವಾರ್ಥವಲ್ಲ.

ಎರಡನೆಯದು, ಸಾಂಪ್ರದಾಯಿಕ ಆಟವೆಂದು ಖೋ-ಖೋವನ್ನು ಸೂಚಿಸಬೇಕು. 2025ರ ಜನವರಿಯಲ್ಲಿ ದಿಲ್ಲಿಯಲ್ಲಿ ಅದರ ಮೊದಲ ವಿಶ್ವಕಪ್ ನಡೆದು, ಅನೇಕ ಕಾಮನ್‌ವೆಲ್ತ್ ದೇಶಗಳೂ ಆಡಿಹೋದವು. ಎರಡು ಕಂಬ, ಒಂದು ಬಯಲು ಇದ್ದರೆ ಸಾಕು. ಕಟ್ಟಡವಿಲ್ಲದ ಶಾಲೆಯೂ ಕಲಿಸಬಲ್ಲ ಆಟವಿದು.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು: ಪಟ್ಟಿಯನ್ನು ಬೇಗನೆ ಅಂತಿಮಗೊಳಿಸಿ, ಕೂಟಕ್ಕೆ ಮೀಸಲಿಟ್ಟ ಹಣದ ಒಂದು ಪಾಲನ್ನು ಆಟ ಬದುಕಿರುವ ತಾಲೂಕುಗಳಿಗೆ ಈಗಲೇ ಕಳುಹಿಸಬೇಕು. ಮಣ್ಣಿನಲ್ಲಿ ಪಳಗಿದ ಪೈಲವಾನನು ಮ್ಯಾಟಿನ ಮೇಲೆ ಕಾಲೂರಲು ವರ್ಷಗಳೇ ಬೇಕು. ಪಟ್ಟು, ಉಸಿರು, ಅಂಕದ ಲೆಕ್ಕ ಎಲ್ಲವೂ ಅಲ್ಲಿ ಬೇರೆ. ಬಾಗಲಕೋಟೆ ಜಿಲ್ಲೆಯ ಅರ್ಜುನ ಹಲಕುರ್ಕಿ 2020ರ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ಗ್ರೀಕೊ-ರೋಮನ್ ಶೈಲಿಯಲ್ಲಿ ಕಂಚು ಗೆದ್ದು, ನಮ್ಮ ಭಾಗದ ಹುಡುಗರು ಈ ದಾಟನ್ನು ದಾಟಬಲ್ಲರೆಂದು ತೋರಿಸಿಕೊಟ್ಟಿದ್ದಾರೆ. 2030ರಲ್ಲಿ ಕಣಕ್ಕಿಳಿಯಬೇಕಾದ ಹುಡುಗಿ ಇಂದು ಎಲ್ಲೋ ಪ್ರೌಢಶಾಲೆಯ ಬೆಂಚಿನ ಮೇಲಿದ್ದಾಳೆ. 2029ರಲ್ಲಿ ಪಟ್ಟಿ ಹೊರಬಿದ್ದರೆ ಅವಳಿಗೆ ಅದರಿಂದೇನು ಪ್ರಯೋಜನ?

ಖಾನಾಪುರದಂಥ ಒಂದು ತಾಲೂಕಿಗೆ ಒಳ್ಳೆಯ ಮ್ಯಾಟು, ಅದನ್ನು ಹಾಸಲು ಸೋರದ ಸೂರು, ಸಂಬಳ ತಪ್ಪದ ಒಬ್ಬ ತರಬೇತುದಾರ. ಇಷ್ಟಕ್ಕೆ ಉದ್ಘಾಟನಾ ಸಮಾರಂಭದ ಪಟಾಕಿಯ ಖರ್ಚೂ ಆಗಲಾರದು. ಮೆರವಣಿಗೆ ಅಹಮದಾಬಾದಿನಲ್ಲಿ ಹೊರಡಲಿ, ನಮಗೆ ಸಂತೋಷವೇ. ಆದರೆ ಆ ಮೆರವಣಿಗೆಯಲ್ಲಿ ನಡೆಯುವ ಕಾಲುಗಳು ಯಾವ ಯಾವ ಊರಿನ ಮಣ್ಣಿನಿಂದ ಬಂದವು ಎಂಬುದರಿಂದಲೇ ಆತಿಥ್ಯದ ಬೆಲೆ ಕಟ್ಟಬೇಕು.