ಹದಿನೆಂಟು ಅಕ್ಷರಗಳ ಗುಟ್ಟು

ಎರಡನೆಯ ಮಹಾಯುದ್ಧದ ದಿನಗಳಲ್ಲಿ ಲಂಡನ್ನಿನ ಬಿ.ಬಿ.ಸಿ. ಸಂಜೆಯ ಹೊತ್ತು ಫ್ರೆಂಚ್ ಭಾಷೆಯಲ್ಲಿ ತಲೆಬುಡವಿಲ್ಲದ ಕೆಲವು ವಾಕ್ಯಗಳನ್ನು ಬಿತ್ತರಿಸುತ್ತಿತ್ತು. ಜರ್ಮನರಿಗೆ ಅದೊಂದು ಒಗಟು. ಕದ ಮುಚ್ಚಿ ರೇಡಿಯೋಗೆ ಕಿವಿಗೊಟ್ಟ ಫ್ರೆಂಚ್ ದೇಶಭಕ್ತನಿಗೆ ಮಾತ್ರ, ಇಂದಿನ ರಾತ್ರಿ ವಿಮಾನದಿಂದ ಆಯುಧಗಳು ಬೀಳಲಿವೆ ಎಂಬ ಸುದ್ದಿ! ಕೇಳುವುದೇನೋ ಸುಲಭ, ಲಂಡನ್ನಿಗೆ ಮರುನುಡಿ ಕಳುಹಿಸುವುದು ಪ್ರಾಣಾಂತಿಕ.

ಆ ಕಾರ್ಯಕ್ಕೆಂದು 1943ರ ಜೂನಿನಲ್ಲಿ ಫ್ರಾನ್ಸಿನಲ್ಲಿ ಇಳಿದವಳು ನೂರ್ ಇನಾಯತ್ ಖಾನ್. ಶ್ರೀರಂಗಪಟ್ಟಣದ ಕೋಟೆಯನ್ನು ಕಂಡವರಿಗೆ ಈಕೆ ತೀರ ಪರಕೀಯಳೇನಲ್ಲ. ತಂದೆ, ಬರೋಡೆಯ ಸಂಗೀತಗಾರ ಹಾಗೂ ಸೂಫಿ ಗುರು ಇನಾಯತ್ ಖಾನರು, ತಾಯಿಯ ಕಡೆಯಿಂದ ಟಿಪ್ಪು ಸುಲ್ತಾನನ ವಂಶಕ್ಕೆ ಸೇರಿದವರು. ಬುದ್ಧನ ಜಾತಕ ಕಥೆಗಳನ್ನು ಮಕ್ಕಳಿಗಾಗಿ ಬರೆದ ಈ ಮೃದುಸ್ವಭಾವದ ಯುವತಿ ಗೂಢಚರ್ಯೆಗೆ ತಕ್ಕವಳೇ ಎಂದು ತರಬೇತಿ ಕೊಟ್ಟವರೇ ಶಂಕಿಸಿದ್ದರು.

ಪೆಟ್ಟಿಗೆಯಲ್ಲಿ ಅಡಗಿಸಿದ ಪ್ರೇಷಕ ಯಂತ್ರ, ಉದ್ದನೆಯ ಏರಿಯಲ್ ತಂತಿ. ಇವನ್ನು ಹೊತ್ತು ಆಕೆ ಪ್ಯಾರಿಸ್ಸಿನಲ್ಲಿ ಮನೆಯಿಂದ ಮನೆಗೆ ಅಲೆದಳು. ಅಲೆಗಳ ಜಾಡು ಹಿಡಿಯುವ ಜರ್ಮನ್ ವಾಹನಗಳು ಬೀದಿಬೀದಿ ಸುತ್ತುತ್ತಿದ್ದವು. ಇಂಥ ಕೆಲಸಗಾರರ ಆಯುಸ್ಸು ಆರು ವಾರವೆಂದು ಅಂದಾಜು. ಸಂಗಡಿಗರು ಒಬ್ಬೊಬ್ಬರಾಗಿ ಸೆರೆಯಾದಾಗ ಲಂಡನ್ನು ಆಕೆಯನ್ನು ಹಿಂದಕ್ಕೆ ಕರೆಯಿತು. ಆಕೆ ಒಪ್ಪಲಿಲ್ಲ.

ಅಕ್ಟೋಬರಿನಲ್ಲಿ ಯಾರೋ ಹಣದಾಸೆಗೆ ಸುಳಿವು ಕೊಟ್ಟರು. ಸೆರೆಯಾದ ನೂರ್ ಬಾಯಿ ಬಿಡಲಿಲ್ಲ. ಆದರೆ ಕಳುಹಿಸಿದ ಸಂದೇಶಗಳನ್ನೆಲ್ಲ ಬರೆದಿಟ್ಟಿದ್ದ ಪುಸ್ತಕವೊಂದು ಶತ್ರುವಿನ ಕೈಸೇರಿತು. ಮುಂದೆ ಆಕೆಯ ಹೆಸರಿನಲ್ಲಿ ಜರ್ಮನರೇ ಲಂಡನ್ನಿನೊಡನೆ ಮಾತಾಡತೊಡಗಿದರು.

ಮೋರ್ಸ್ ಕೀಲಿಯ ಮೇಲೆ ಒಬ್ಬೊಬ್ಬರ ಬೆರಳೋಟವೂ ಬೇರೆ, ವೀಣೆಯ ಮೀಟಿನಂತೆ. ಸಾಲದ್ದಕ್ಕೆ ಇನ್ನೊಂದು ಎಚ್ಚರಿಕೆಯೂ ಇತ್ತು. ಸಂಕೇತ ವಿಭಾಗದ ಲಿಯೊ ಮಾರ್ಕ್ಸ್ ತಮ್ಮ ನೆನಪುಗಳಲ್ಲಿ ಹೇಳುವಂತೆ, ಸಂದೇಶದ ಕೀಲಿಪದಗಳಲ್ಲಿ 18 ಅಕ್ಷರಗಳಿದ್ದರೆ ತಾನು ಸೆರೆಯಾಗಿರುವೆನೆಂದು ತಿಳಿಯಬೇಕು ಎಂದು ಆಕೆಯೊಡನೆ ಮೊದಲೇ ಒಪ್ಪಂದವಾಗಿತ್ತು. 18 ಅಕ್ಷರಗಳೂ ಬಂದವು. ಮಾರ್ಕ್ಸ್ ಬೆದರಿದರು, ಮೇಲಿನವರು ಲಕ್ಷಿಸಲಿಲ್ಲ. ಅಷ್ಟೆಲ್ಲ ಜಾಣ್ಮೆಯಿಂದ ಹೆಣೆದ ಗುಟ್ಟನ್ನು ಹೆಣೆದವರೇ ಕಡೆಗಣಿಸಿದ್ದಕ್ಕೆ ಏನೆನ್ನಬೇಕು?

1944ರ ಫೆಬ್ರವರಿಯಲ್ಲಿ ಲಂಡನ್ನು ಕಳುಹಿಸಿದ ಗೂಢಚಾರರು ಕೊಡೆ ಬಿಚ್ಚಿ ಫ್ರಾನ್ಸಿನ ನೆಲಕ್ಕೆ ಇಳಿದಾಗ ಕೆಳಗೆ ಕಾದಿದ್ದವರು ಜರ್ಮನರು. ಅಷ್ಟು ಹೊತ್ತಿಗೆ ನೂರ್ ಜರ್ಮನಿಯ ಫೋರ್ಟ್ಸ್‌ಹೈಮ್ ಸೆರೆಮನೆಯಲ್ಲಿ ಸಂಕೋಲೆ ತೊಟ್ಟು ಕುಳಿತಿದ್ದಳು. ಸೆಪ್ಟೆಂಬರ್ 13ರಂದು ಡಖಾವ್ ಶಿಬಿರದಲ್ಲಿ ಆಕೆಯನ್ನು ಕೊಂದರು. ಆಗ ಆಕೆಗೆ 30 ವರ್ಷ. 1949ರಲ್ಲಿ ಬ್ರಿಟನ್ ಆಕೆಗೆ ಜಾರ್ಜ್ ಕ್ರಾಸ್ ಪದಕವನ್ನಿತ್ತಿತು.