ಊರು ಬಿಡದ ರಬ್ಬಿ

ನಮ್ಮ ಶಾಲೆಯಿಂದ ಓದಿ ಹೊರಟ ಹೆಣ್ಣುಮಕ್ಕಳಲ್ಲಿ ಅನೇಕರು ಸಣ್ಣ ಊರುಗಳಲ್ಲಿ ಉಪಾಧ್ಯಾಯಿನಿಯರಾಗಿಯೂ ದಾದಿಯರಾಗಿಯೂ ನೆಲೆಸಿದ್ದಾರೆ. “ಇಷ್ಟು ವರ್ಷವಾಯಿತು, ಇನ್ನೂ ಅಲ್ಲಿಯೇ ಇದ್ದೀಯಾ?” ಎಂದು ನಂಟರಿಷ್ಟರು ಅವರನ್ನು ಕೇಳುವುದುಂಟು. ಆ ಪ್ರಶ್ನೆಯಲ್ಲಿ ಅಡಗಿರುವ ತಾತ್ಸಾರವು ನಮಗೆ ಒಪ್ಪಿಗೆಯಾಗದು. ಒಂದೇ ಊರಿನಲ್ಲಿ ಬಹುಕಾಲ ನಿಂತವರಿಗೆ ಮಾತ್ರ ಕೈಗೂಡುವ ಸೇವೆಯೊಂದುಂಟೆಂಬುದು ನಮ್ಮ ಅಭಿಪ್ರಾಯ. ಇದಕ್ಕೆ ನಿದರ್ಶನವಾಗಿ ಅಮೇರಿಕಾ ದೇಶದ ಯೆಹೂದ್ಯ ಗುರುವೊಬ್ಬರ ವೃತ್ತಾಂತವನ್ನು ವಾಚಕರ ಮುಂದಿಡುತ್ತೇವೆ.

ರಬ್ಬಿ ಹೆನ್ರಿ ಕೋಹೆನರು 1863ರಲ್ಲಿ ಲಂಡನ್ ನಗರದಲ್ಲಿ ಹುಟ್ಟಿದರು. 1888ರಲ್ಲಿ, ತಮ್ಮ ಇಪ್ಪತ್ತೈದನೆಯ ವಯಸ್ಸಿನಲ್ಲಿ, ಟೆಕ್ಸಾಸ್ ಸಂಸ್ಥಾನದ ಗ್ಯಾಲ್ವೆಸ್ಟನ್ ಎಂಬ ದ್ವೀಪಪಟ್ಟಣಕ್ಕೆ ಬಂದು, ಬ್ನೇ ಇಸ್ರೇಲ್ ಎಂಬ ಸಭಾಮಂದಿರದ ಗುರುಗಳಾದರು. ಕಪ್ಪು ಉಡುಪು ತೊಟ್ಟು, ಬೈಸಿಕಲ್ ಏರಿ, ಬೀದಿಬೀದಿ ಸುತ್ತುವುದು ಅವರ ದಿನಚರ್ಯೆ. ಅಂದು ಯಾರನ್ನು ನೋಡಬೇಕು, ಯಾರ ಕೆಲಸಕ್ಕಾಗಿ ಎಲ್ಲಿಗೆ ಹೋಗಬೇಕು ಎಂಬುದನ್ನು ಗಂಜಿ ಹಾಕಿದ ತಮ್ಮ ಬಿಳಿಯ ಕಫ್ಫಿನ ಮೇಲೆಯೇ ಬರೆದುಕೊಳ್ಳುತ್ತಿದ್ದರು. ಅಗಸರವನಿಗೆ ಇದರಿಂದ ಎಷ್ಟು ತೊಂದರೆಯಾಯಿತೋ ನಾವರಿಯೆವು. ಆದರೆ ಆ ಕಫ್ಫಿನಲ್ಲಿ ಬರೆದದ್ದು ಮರುದಿನಕ್ಕೆ ಉಳಿಯುವಂತಿರಲಿಲ್ಲವೆಂಬುದಂತೂ ಸ್ಪಷ್ಟ.

1900ನೆಯ ಇಸವಿ ಸೆಪ್ಟೆಂಬರ್ 8ರಂದು ಸಮುದ್ರವು ಚಂಡಮಾರುತದೊಡನೆ ಆ ಪಟ್ಟಣದ ಮೇಲೆ ಉಕ್ಕಿಬಂತು. ಸುಮಾರು 37,000 ಜನರಿದ್ದ ಊರಿನಲ್ಲಿ ಕಡಮೆಯೆಂದರೂ 6,000 ಮಂದಿ ಸತ್ತರು. ಅಮೇರಿಕಾದ ಚರಿತ್ರೆಯಲ್ಲಿ ಅಷ್ಟು ಜನರನ್ನು ಬಲಿತೆಗೆದುಕೊಂಡ ಪ್ರಕೃತಿವಿಕೋಪವು ಮತ್ತೊಂದಿಲ್ಲ. ಊರಿನವರು ಕೂಡಲೇ ಏರ್ಪಡಿಸಿದ ಪರಿಹಾರ ಸಮಿತಿಯಲ್ಲಿ ಕೋಹೆನರೂ ಒಬ್ಬರು. ಅವರ ಸಭಾಮಂದಿರವು ಉಳಿದುಕೊಂಡಿತ್ತು. ದೇವಾಲಯಗಳನ್ನು ಕಳೆದುಕೊಂಡ ಕ್ರೈಸ್ತ ಸಭೆಗಳವರು ಅಲ್ಲಿ ಕೂಡಿ ಆರಾಧನೆ ನಡೆಸಿದರು. ಬಳಿಕ ಊರಿಗೆ ಸಮುದ್ರದ ಗೋಡೆಯನ್ನು ಕಟ್ಟಿ, ನೆಲವನ್ನೂ ಎತ್ತರಿಸಿದರು. ಹಾಗಿದ್ದರೂ ವ್ಯಾಪಾರವು ಮೆಲ್ಲಮೆಲ್ಲನೆ ಹತ್ತಿರದ ಹ್ಯೂಸ್ಟನ್ ನಗರಕ್ಕೆ ಸರಿಯಿತು. ಮುಂದಕ್ಕೆ ಬರಬೇಕೆಂಬ ಆಶೆಯುಳ್ಳವನು ಬಿಟ್ಟುಹೋಗತಕ್ಕ ಊರು ಅದು. ರಬ್ಬಿಗಳು ಬಿಡಲಿಲ್ಲ.

ರಷ್ಯಾ ದೇಶದಲ್ಲಿ ಯೆಹೂದ್ಯರನ್ನು ಕೊಲ್ಲುವ, ಸುಲಿಯುವ ದಂಗೆಗಳು ನಡೆಯುತ್ತಿದ್ದ ಕಾಲವದು. 1903ರ ಕಿಷಿನೆವ್ ಪಟ್ಟಣದ ಹತ್ಯೆಯು ಲೋಕಕ್ಕೆಲ್ಲ ತಿಳಿದ ಸಂಗತಿ. ತಪ್ಪಿಸಿಕೊಂಡು ಬಂದವರು ನ್ಯೂಯಾರ್ಕಿನ ಇಕ್ಕಟ್ಟಾದ ಕೇರಿಗಳಲ್ಲಿ ತುಂಬಿಹೋಗಿದ್ದರು. ಅವರಲ್ಲಿ ಕೆಲವರನ್ನಾದರೂ ಪಶ್ಚಿಮದ ವಿಶಾಲವಾದ ಪ್ರಾಂತಗಳಿಗೆ ಕಳುಹಬೇಕೆಂದು ಜೇಕಬ್ ಶಿಫ್ ಎಂಬ ಧನಿಕರು ಐದು ಲಕ್ಷ ಡಾಲರುಗಳನ್ನು ಮುಡಿಪಿಟ್ಟು, ಗ್ಯಾಲ್ವೆಸ್ಟನ್ ರೇವನ್ನು ಆರಿಸಿಕೊಂಡರು. 1907ರ ಜುಲೈಯಲ್ಲಿ ಜರ್ಮನಿಯ ಬ್ರೆಮೆನ್ ರೇವಿನಿಂದ ಮೊದಲನೆಯ ಹಡಗು ಬಂತು. ಅಂದಿನಿಂದ 1914ರವರೆಗೆ ಸುಮಾರು 10,000 ಮಂದಿ ಆ ದಾರಿಯಿಂದ ದೇಶದೊಳಕ್ಕೆ ಹೋದರು. ಹಡಗುಕಟ್ಟೆಯಲ್ಲಿ ನಿಂತು ಅವರನ್ನು ಎದುರುಗೊಂಡು, ಅಧಿಕಾರಿಗಳೊಡನೆ ಅವರ ಪರವಾಗಿ ಮಾತಾಡಿ, ಕೆಲಸವಿದ್ದ ಊರಿಗೆ ರೈಲು ಹತ್ತಿಸುವವರಲ್ಲಿ ಕೋಹೆನರು ಮುಖ್ಯರು. ಹಲವು ಭಾಷೆಗಳನ್ನು ಬಲ್ಲವರಾದ್ದರಿಂದ ಇದು ಅವರಿಗೆ ಸಾಧ್ಯವಾಯಿತು. ಆ ಯೋಜನೆಯು ಎಣಿಸಿದಷ್ಟು ಫಲಿಸಲಿಲ್ಲವೆಂಬುದನ್ನು ಮರೆಮಾಚಬೇಕಾಗಿಲ್ಲ. ಪ್ರಯಾಣವು ದೀರ್ಘವಾಗಿತ್ತು, ತಪಾಸಣೆಯು ಬಿಗಿಯಾಗಿ, ಅನೇಕರನ್ನು ಬಂದ ದಾರಿಗೇ ಹಿಂದಕ್ಕೆ ಅಟ್ಟಿದರು. ಆದರೆ ಭಾಷೆಯರಿಯದ ನೆಲದಲ್ಲಿ ಕಾಲಿಡುವ ತಾಯಿಗೆ, ತನ್ನ ಮಾತನ್ನು ಬಲ್ಲವರೊಬ್ಬರು ಕಟ್ಟೆಯ ಮೇಲೆಯೇ ಸಿಕ್ಕಿದುದರ ಬೆಲೆಯನ್ನು ಲೆಕ್ಕದ ಪುಸ್ತಕದಲ್ಲಿ ಬರೆಯಲಾಗದು.

ಹೆಣ್ಣುಮಕ್ಕಳ ತಾಯಿತಂದೆಗಳು ವಿಶೇಷವಾಗಿ ಗಮನಿಸತಕ್ಕ ವಿಷಯವೊಂದುಂಟು. ಕೋಹೆನರು ಟೆಕ್ಸಾಸಿಗೆ ಬಂದ ಕಾಲಕ್ಕೆ ಅಲ್ಲಿಯ ಕಾನೂನು ಹೆಣ್ಣುಮಗುವಿನ ಮಾನವನ್ನು ಕಾಯುತ್ತಿದ್ದುದು ಅದಕ್ಕೆ ಹತ್ತು ವರ್ಷ ತುಂಬುವವರೆಗೆ ಮಾತ್ರ. ಅದರಾಚೆಗೆ ಅದು “ಒಪ್ಪಿತು” ಎಂದು ದುಷ್ಟನೊಬ್ಬನು ಹೇಳಿಕೊಂಡು ತಪ್ಪಿಸಿಕೊಳ್ಳಬಹುದಾಗಿತ್ತು. ಇದನ್ನು ನಾವು ಪರದೇಶದ ಕುಂದೆಂದು ತಿಳಿಯಬೇಕಾಗಿಲ್ಲ. ನಮ್ಮ ದೇಶದಲ್ಲಿಯೂ ಆಗ ಅದೇ ಹತ್ತು ವರ್ಷವಿದ್ದು, 1891ರ ಕಾಯಿದೆಯಿಂದ ಹನ್ನೆರಡಾಯಿತು, ಅದಕ್ಕೂ ಎಷ್ಟೋ ಮಂದಿ ವಿದ್ಯಾವಂತರು ಧರ್ಮದ ಹೆಸರಿನಲ್ಲಿ ಅಡ್ಡಬಂದರು. ಟೆಕ್ಸಾಸಿನಲ್ಲಿ ಆ ವಯಸ್ಸನ್ನು ಹದಿನೆಂಟಕ್ಕೆ ಏರಿಸಲು ದುಡಿದವರಲ್ಲಿ ಕೋಹೆನರೂ ಸೇರಿದ್ದಾರೆ. ಅದು ಹದಿನೆಂಟಾದದ್ದು 1918ರಲ್ಲಿ. ಅವರು ಬಂದ ಮೂವತ್ತನೆಯ ವರ್ಷ! ಐದಾರು ವರ್ಷಕ್ಕೊಮ್ಮೆ ಊರು ಬದಲಾಯಿಸುವವರು ಇಂಥ ಕೆಲಸದ ಕೊನೆಯನ್ನು ಕಾಣಲಾರರು.

ಸೆರೆಮನೆಗಳ ಸುಧಾರಣೆಯೂ ಹೀಗೆಯೇ. ಬಿಡುಗಡೆಯಾದ ಕೈದಿಗೆ ಕೆಲಸ ಹುಡುಕಿ ಕೊಡುವುದರಲ್ಲಿ ಅವರು ಬಹುಕಾಲ ಶ್ರಮಿಸಿದರು. 1927ರಲ್ಲಿ ಸರ್ಕಾರವು ಅವರನ್ನು ಸಂಸ್ಥಾನದ ಸೆರೆಮನೆಗಳ ಮಂಡಲಿಗೇ ನೇಮಿಸಿತು.

ಗುರುವಾದವನು ಮೊದಲು ತನ್ನ ಮತದವರನ್ನು ನೋಡಿಕೊಳ್ಳಬೇಕು, ಊರ ಉಸಾಬರಿ ಅವನಿಗೇಕೆ ಎಂದು ಆಕ್ಷೇಪಿಸುವವರುಂಟು. ಈ ವಾದವು ನಮ್ಮಲ್ಲಿಯೂ ಅಪರೂಪವಲ್ಲ. ಕೋಹೆನರು ತಮ್ಮವರನ್ನು ಬಿಟ್ಟುಕೊಟ್ಟವರಲ್ಲವೆಂಬುದಕ್ಕೆ ಹಡಗುಕಟ್ಟೆಯೇ ಸಾಕ್ಷಿ. ಇನ್ನೊಂದು ಕಥೆಯನ್ನೂ ಹೇಳುವುದುಂಟು. ರಷ್ಯಾದಿಂದ ಕದ್ದು ಹಡಗೇರಿ ಬಂದವನೊಬ್ಬನನ್ನು ಹಿಂದಕ್ಕೆ ಕಳುಹಿಸಿದರೆ ಅವನ ಪ್ರಾಣಕ್ಕೆ ಅಪಾಯವಿತ್ತು. ರಬ್ಬಿಗಳು ವಾಷಿಂಗ್ಟನ್ನಿಗೆ ಹೋಗಿ ಅಧ್ಯಕ್ಷ ಟಾಫ್ಟರನ್ನೇ ಕಂಡರು. ಯೆಹೂದ್ಯರು ತಮ್ಮವರಿಗಾಗಿ ಇಷ್ಟು ಪಾಡುಪಡುವುದು ಮೆಚ್ಚತಕ್ಕದ್ದೆಂದು ಅಧ್ಯಕ್ಷರು ಹೊಗಳಲು, ಆತನು ಯೆಹೂದ್ಯನಲ್ಲ, ಗ್ರೀಕ್ ಪಂಥದ ಕ್ರೈಸ್ತನೆಂದು ರಬ್ಬಿಗಳು ತಿಳಿಸಿದರಂತೆ. ಆ ಮನುಷ್ಯನಿಗೆ ಬಿಡುಗಡೆಯಾಯಿತು. ಇಂಥ ನಡತೆಯು ಒಡೆದುಹೋಗುವ ಕಾಲದಲ್ಲಿ ಊರನ್ನು ಹೇಗೆ ಹಿಡಿದು ನಿಲ್ಲಿಸುತ್ತದೆಂಬುದು 1920ರ ದಶಕದಲ್ಲಿ ಕಂಡುಬಂತು. ನೀಗ್ರೋ ಜನರನ್ನೂ ಯೆಹೂದ್ಯರನ್ನೂ ಕಥೋಲಿಕರನ್ನೂ ದ್ವೇಷಿಸುವ ಕೂ ಕ್ಲಕ್ಸ್ ಕ್ಲಾನ್ ಎಂಬ ಗುಪ್ತಸಂಘವು ಟೆಕ್ಸಾಸಿನಲ್ಲೆಲ್ಲ ಹಬ್ಬಿದ್ದಾಗ, ರಬ್ಬಿಗಳೂ ಅವರ ಆಪ್ತಸ್ನೇಹಿತರಾದ ಕಥೋಲಿಕ ಪಾದ್ರಿ ಜೇಮ್ಸ್ ಕರ್ವಿನ್ನರೂ ಜೊತೆಗೂಡಿ ಅದನ್ನು ಗ್ಯಾಲ್ವೆಸ್ಟನ್ನಿನಲ್ಲಿ ಎದುರಿಸಿದರು. ಇಪ್ಪತ್ತು ವರ್ಷಗಳಿಗೂ ಹಿಂದಿನ ಆ ಚಂಡಮಾರುತದ ದಿನಗಳಲ್ಲಿ ಅವರಿಬ್ಬರೂ ಒಂದೇ ಊರಿನ ದುಃಖವನ್ನು ಹಂಚಿಕೊಂಡವರು; ಅವರ ಮಾತನ್ನು ಊರು ಕೇಳಿದ್ದು ಆಶ್ಚರ್ಯವಲ್ಲ.

1941ರಲ್ಲಿ ಕೋಹೆನರ ಮಗ ಮತ್ತು ಸೊಸೆ ಬರೆದ ಜೀವನಚರಿತ್ರೆಯ ಹೆಸರಿಗೆ “ಟೆಕ್ಸಾಸಿನಲ್ಲಿಯೇ ಉಳಿದವರು” ಎಂದು ಅರ್ಥ. ಆಮೇಲೆಯೂ ಅವರು ಹನ್ನೊಂದು ವರ್ಷ ಉಳಿದರು. 1952ರ ಜೂನ್ 12ರಂದು, ಎಂಬತ್ತೊಂಬತ್ತನೆಯ ವಯಸ್ಸಿನಲ್ಲಿ, ಗ್ಯಾಲ್ವೆಸ್ಟನ್ನಿನಲ್ಲಿಯೇ ತೀರಿಕೊಂಡರು.