ಡಬ್ಬಿಯ ಹಿಂಬದಿ ಓದಿದಿರಾ?

ಕುಕ್ಕುವಾಡದಿಂದ ದಾವಣಗೆರೆಗೆ ಕಾಲೇಜಿಗೆ ಬರುವ ಹುಡುಗ ಹುಡುಗಿಯರ ಕೈಗೆ ಮನೆಯವರು ಕೊಡುವ ಸಾಮಾನಿನ ಚೀಟಿಯಲ್ಲಿ ಒಮ್ಮೊಮ್ಮೆ ‘ಅಕ್ಕನ ಮಗುವಿಗೆ ಡಬ್ಬಿ’ ಎಂದೂ ಇರುತ್ತದೆ. ಯಾವ ಡಬ್ಬಿ? ಅಂಗಡಿಯವರು ಕೊಟ್ಟದ್ದು! ಬಾಣಂತನಕ್ಕೆ ಬಂದ ಅಕ್ಕ, ಗದ್ದೆಗೆ ಹೋಗುವ ಅಮ್ಮ, ಕಣ್ಣು ಮಂಜಾದ ಅಜ್ಜಿ ಇರುವ ಮನೆಯಲ್ಲಿ ಆ ಸಣ್ಣ ಇಂಗ್ಲಿಷ್ ಅಕ್ಷರ ಓದುವ ಕೆಲಸ ನಿಮ್ಮದೇ.

ಮೊದಲು ವಯಸ್ಸು ನೋಡಿ. ಆರು ತಿಂಗಳು ತುಂಬುವವರೆಗೆ ತಾಯಿಯ ಹಾಲೇ ಸಾಕು, ನೀರೂ ಬೇಡ. ಆಮೇಲೆ ಬೇರೆ ಆಹಾರದ ಜೊತೆಗೂ ಎರಡು ವರ್ಷದವರೆಗೆ ಎದೆಹಾಲು ಮುಂದುವರಿಯಬೇಕು. 1992ರ ಕಾಯಿದೆ ಡಬ್ಬಿಯ ಮೇಲೆ ಮಗುವಿನ ಚಿತ್ರ ಹಾಕಬಾರದೆಂದಿತು. 2003ರ ತಿದ್ದುಪಡಿ ಶಿಶು ಆಹಾರದ ಜಾಹೀರಾತನ್ನೂ ನಿಷೇಧಿಸಿತು. ಅಂಗಡಿಯಲ್ಲಿ ಪಕ್ಕದಲ್ಲೇ ಇರುವ, ದೊಡ್ಡ ಮಕ್ಕಳು ಹಾಲಿಗೆ ಬೆರೆಸಿ ಕುಡಿಯುವ ಪುಡಿ ಶಿಶು ಆಹಾರವಲ್ಲ. ಚಹಾದಲ್ಲಿ ಅದ್ದಿದ ಬಿಸ್ಕತ್ತಂತೂ ಅಲ್ಲವೇ ಅಲ್ಲ.

ಎರಡನೆಯದು ಸಕ್ಕರೆ. ಪದಾರ್ಥಗಳ ಪಟ್ಟಿಯಲ್ಲಿ ಹೆಚ್ಚು ತೂಕದ್ದು ಮೊದಲು ಬರುತ್ತದೆ. ಸಕ್ಕರೆ ಅಲ್ಲಿ ಸುಕ್ರೋಸ್, ಗ್ಲೂಕೋಸ್ ಸಿರಪ್ ಎಂಬ ಹೆಸರಿನಲ್ಲಿ ಅಡಗಿರಬಹುದು. 2024ರ ಏಪ್ರಿಲ್‌ನಲ್ಲಿ ಸ್ವಿಟ್ಜರ್ಲೆಂಡಿನ ಪಬ್ಲಿಕ್ ಐ ಸಂಸ್ಥೆ, ಭಾರತದಲ್ಲಿ ಮಾರುವ ಸೆರೆಲ್ಯಾಕ್‌ನಲ್ಲಿ ಒಂದು ಹೊತ್ತಿನ ಆಹಾರಕ್ಕೆ ಸರಾಸರಿ 2.7 ಗ್ರಾಂ ಸಕ್ಕರೆ ಸೇರಿಸಿದೆ ಎಂದು ವರದಿ ಮಾಡಿತ್ತು. ಸಕ್ಕರೆ ಕಾರ್ಖಾನೆಯ ಊರಿನವರಾದ ನಿಮಗೆ ಸಿಹಿಯ ಮೇಲೆ ನನಗಿಂತ ಹೆಚ್ಚು ಅಭಿಮಾನ ಇರಬಹುದು; ಆದರೂ ಎರಡು ವರ್ಷದೊಳಗಿನ ಕೂಸಿಗೆ ಸೇರಿಸಿದ ಸಕ್ಕರೆ ಬೇಡ. ವರ್ಷ ತುಂಬುವವರೆಗೆ ಜೇನುತುಪ್ಪ ನೆಕ್ಕಿಸುವುದೂ ಅಪಾಯ.

ಇನ್ನು ಕಲಸುವ ವಿಚಾರ. ಡಬ್ಬಿ ದುಬಾರಿ, ಹಾಗಾಗಿ ನಾಲ್ಕು ದಿನ ಹೆಚ್ಚು ಬರಲೆಂದು ಪುಡಿ ಕಡಿಮೆ ಮಾಡಿ ನೀರು ಹೆಚ್ಚಿಸುವ ಮನೆಗಳಿವೆ. ಯಾರನ್ನೂ ಬೈಯಲು ಮನಸ್ಸು ಬಾರದು. ಆದರೆ ಮಗುವಿನ ಪುಟ್ಟ ಹೊಟ್ಟೆ ನೀರಿನಿಂದ ತುಂಬಿ, ಅದು ಅಳು ನಿಲ್ಲಿಸುತ್ತದೆ. ತೂಕ ಮಾತ್ರ ಏರುವುದಿಲ್ಲ. ಹೊಟ್ಟೆ ತುಂಬಿತೆಂದು ಮನೆಯವರೂ ನಿಶ್ಚಿಂತರಾಗಿರುತ್ತಾರೆ! ಡಬ್ಬಿಯಲ್ಲಿ ಬರೆದ ಅಳತೆಯಷ್ಟೇ ಪುಡಿ ಹಾಕಿ, ಕುದಿಸಿ ಆರಿಸಿದ ಬೆಚ್ಚಗಿನ ನೀರಿನಲ್ಲಿ ಕಲಸಿ. ಕೈ ಸೋಪಿನಿಂದ ತೊಳೆದಿರಲಿ, ಚಮಚ ಒಣಗಿರಲಿ. ಬಾಟಲಿಗೆ ಹಾಕಬೇಡಿ, ಮಗುವನ್ನು ಕೂರಿಸಿಕೊಂಡು ಚಮಚದಲ್ಲೇ ತಿನ್ನಿಸಿ. ಬಟ್ಟಲಲ್ಲಿ ಉಳಿದದ್ದಕ್ಕೆ ಎಂಜಲು ಸೇರಿರುತ್ತದೆ. ನಮ್ಮ ಬೇಸಿಗೆಯಲ್ಲಿ ಅದನ್ನು ಮಧ್ಯಾಹ್ನಕ್ಕೆಂದು ಮುಚ್ಚಿಟ್ಟರೆ ಭೇದಿಗೆ ನಾವೇ ಕರೆ ಕೊಟ್ಟಂತೆ. ಭೇದಿ ಶುರುವಾದರೆ ಎದೆಹಾಲು ನಿಲ್ಲಿಸದೆ, ಓಆರ್‌ಎಸ್ ಕುಡಿಸುತ್ತ ವೈದ್ಯರ ಬಳಿಗೆ ಕರೆದೊಯ್ಯಿರಿ.

ಡಬ್ಬಿಯೇ ಬೇಕೆಂದಿಲ್ಲ. ಆರು ತಿಂಗಳಿಂದ ಮೂರು ವರ್ಷದ ಮಕ್ಕಳಿಗೆಂದು ಅಂಗನವಾಡಿಯಿಂದ ಮನೆಗೆ ಕೊಡುವ ‘ಪುಷ್ಟಿ’ ಇದೆ. ಅದರ ಚೀಟಿಯನ್ನೂ ಓದಿ. ತಿಂಗಳ ಕೊನೆಯಲ್ಲಿ ಡಬ್ಬಿಯ ತಳ ಕಂಡರೆ ನೀರು ಹೆಚ್ಚಿಸಬೇಡಿ. ಅಜ್ಜಿಯನ್ನು ಕೇಳಿ ರಾಗಿ ಸರಿ ಕಾಯಿಸಿ, ಗಟ್ಟಿಯಾಗಿ, ಮೇಲೊಂದು ಚಮಚ ತುಪ್ಪ ಹಾಕಿ.